ಹುಣಸೆಬೀಜದ ಅಂಟು: ಮಾರ್ಪಾಟೋ, ಕಲಬೆರಕೆಯೋ?

ಹುಣಸೆಹಣ್ಣನ್ನು ಬಿಡಿಸಿ ಬೀಜವನ್ನು ಹೊರಕ್ಕೆ ಎಸೆಯುವುದು ನಮ್ಮ ಮನೆಗಳ ವಾಡಿಕೆ. ಚೌಕಾಬಾರದ ಆಟಕ್ಕೆಂದು ನಾಲ್ಕು ಬೀಜಗಳನ್ನು ಉಜ್ಜಿ ಇಟ್ಟುಕೊಂಡರೆ ಅದರ ಉಪಯೋಗವು ಮುಗಿಯಿತೆಂದು ಹುಡುಗರು ತಿಳಿಯುತ್ತಾರೆ. ಆದರೆ ಕಂಬಳಿ ನೇಯುವ ಕುರುಬರನ್ನು ಕೇಳಿ ನೋಡಿರಿ: ಈ ಬೀಜದ ತಿರುಳನ್ನು ಅರೆದು ಬೇಯಿಸಿದ ಸರಿಯನ್ನು ಅವರು ಉಣ್ಣೆಯ ಹಾಸುನೂಲಿಗೆ ಬಳಿದು ಬಿರುಸು ಮಾಡಿಕೊಳ್ಳುತ್ತಾರೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗಳ ಅಂಗಗಳನ್ನು ಜೋಡಿಸುವುದೂ ಇದೇ ಅಂಟಿನಿಂದ.

ದ್ರವಗಳ ಸ್ನಿಗ್ಧತೆಯನ್ನು ಕುರಿತು ಒಂದು ದಿನ ನಾನು ಪಾಠ ಹೇಳುತ್ತಿದ್ದಾಗ, ಭಾಲ್ಕಿ ತಾಲ್ಲೂಕಿನ ಮೆಹಕರದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಪೊಟ್ಟಣದ ಮೇಲೆ ‘ಮಾರ್ಪಡಿಸಿದ ಅಂಟು’ ಎಂದು ಬರೆದಿದ್ದರೆ ಅದು ಕಲಬೆರಕೆಯಲ್ಲವೆ?” ಎಂದು ಕೇಳಿದನು. ನಿಸರ್ಗವು ಕೊಟ್ಟುದು ಶುದ್ಧ, ರಸಾಯನಶಾಲೆಯು ಮುಟ್ಟಿದುದು ಮಲಿನ ಎಂಬ ಈ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಅದು ತಪ್ಪು ಭಾವನೆಯೆಂದೇ ನನ್ನ ಮತ.

ಹುಣಸೆಯ ಅಂಟು ಒಂದು ಉದ್ದನೆಯ ಅಣುಸರಪಣಿ. ಗ್ಲೂಕೋಸಿನ ಘಟಕಗಳು ಸಾಲಾಗಿ ಕೂಡಿಕೊಂಡು ಅದರ ಬೆನ್ನೆಲುಬಾಗಿವೆ. ಪಕ್ಕದಲ್ಲಿ ಕ್ಸೈಲೋಸಿನ ಕವಲುಗಳು. ಕೆಲವು ಕವಲುಗಳ ತುದಿಯಲ್ಲಿ ಗ್ಯಾಲಕ್ಟೋಸ್. ತಣ್ಣೀರಿನಲ್ಲಿ ಈ ಸರಪಣಿಗಳು ಒಂದನ್ನೊಂದು ಬಿಡಲೊಲ್ಲವು. ಆದುದರಿಂದಲೇ ಪುಡಿಯನ್ನು ಬಹಳ ಹೊತ್ತು ಕುದಿಸಬೇಕಾಗುತ್ತದೆ. ಹಾಗೆ ಕುದಿಸಿದ ಸರಿಯೂ ಬೇಗನೆ ಹಳಸಿ ನಾರುತ್ತದೆ. ಕಂಬಳಿಯ ಕೆಲಸಕ್ಕೆ ಇದು ಸಾಕು. ಬಟ್ಟೆಗೆ ಬಣ್ಣ ಅಚ್ಚೊತ್ತುವ ಕಾರ್ಖಾನೆಗೆ ಸಾಲದು.

ಇನ್ನು ರಸಾಯನಜ್ಞನು ಮಾಡುವುದೇನು? ಪುಡಿಯನ್ನು ಕಾಸ್ಟಿಕ್ ಸೋಡಾದೊಡನೆ ಕಲಸಿ ಮಾನೋಕ್ಲೋರೋ ಅಸಿಟಿಕ್ ಆಮ್ಲದೊಡನೆ ವರ್ತಿಸಗೊಡುತ್ತಾನೆ. ಸರಪಣಿಯ ಅಲ್ಲಲ್ಲಿ ಕಾರ್ಬಾಕ್ಸಿಮೀಥೈಲ್ ಗುಂಪುಗಳು ಅಂಟಿಕೊಳ್ಳುತ್ತವೆ. ನೀರಿನಲ್ಲಿ ಇವು ಋಣ ವಿದ್ಯುದಾವೇಶವನ್ನು ತಳೆಯುತ್ತವೆ. ಸಜಾತೀಯ ಆವೇಶಗಳು ಒಂದನ್ನೊಂದು ದೂಡುವುದು ಕೂಲಂಬನ ನಿಯಮವಷ್ಟೆ! ಮುದುಡಿದ್ದ ಸರಪಣಿ ಬಿಚ್ಚಿಕೊಳ್ಳುತ್ತದೆ, ಪಕ್ಕದ ಸರಪಣಿಯನ್ನೂ ದೂರ ತಳ್ಳುತ್ತದೆ. ಪುಡಿ ತಣ್ಣೀರಿನಲ್ಲಿಯೇ ಕರಗಿ ಮಂದವಾಗುತ್ತದೆ. ಅದಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪನ್ನು ಹಾಕಿದರೆ ಸ್ನಿಗ್ಧತೆ ಇಳಿದುಬಿಡುತ್ತದೆ, ಏಕೆಂದರೆ ಸೋಡಿಯಂ ಅಯಾನುಗಳು ಆವೇಶಗಳ ನಡುವೆ ತೆರೆಯಂತೆ ನಿಲ್ಲುತ್ತವೆ. ಭೌತಶಾಸ್ತ್ರದ ಮೇಷ್ಟರು ರಸಾಯನಶಾಸ್ತ್ರದವರ ಮನೆಯೊಳಕ್ಕೆ ಕಾಲಿಡಲು ನನಗಿರುವ ಅಧಿಕಾರವೂ ಇಷ್ಟೆ.

ಮಾರ್ಪಾಟೆಂದರೆ ಯಾವಾಗಲೂ ಸೇರಿಸುವುದೇ ಎಂದಲ್ಲ. ಕಿಣ್ವವೊಂದರಿಂದ ಇದೇ ಅಂಟಿನ ಗ್ಯಾಲಕ್ಟೋಸಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕಳಚಿದರೆ ಒಂದು ಸೋಜಿಗವುಂಟಾಗುತ್ತದೆ: ದ್ರಾವಣವು ಬೆಚ್ಚಗಾದಾಗ ಗಟ್ಟಿಯಾಗುತ್ತದೆ, ತಣ್ಣಗಾದಾಗ ಕರಗುತ್ತದೆ! ನಾವು ಕಂಡ ತುಪ್ಪ, ಮೇಣಗಳ ನಡತೆಗೆ ಇದು ತಿರುಗುಮುರುಗು.

ನಿಸರ್ಗವಾದರೂ ಮಾರ್ಪಡಿಸದೆ ಬಿಟ್ಟಿದೆಯೆ? ಎಲೆಕೋಸಿಗೆ ಕಪ್ಪುಕೊಳೆಯ ರೋಗವನ್ನು ತರುವ ಒಂದು ಬ್ಯಾಕ್ಟೀರಿಯವು ಗ್ಲೂಕೋಸಿನ ಸರಪಣಿಗೆ ತಾನೇ ಆಮ್ಲದ ಗುಂಪುಗಳನ್ನು ಜೋಡಿಸಿ ಕ್ಸಾಂಥನ್ ಎಂಬ ಅಂಟನ್ನು ತಯಾರಿಸುತ್ತದೆ. ಅಮೆರಿಕದಲ್ಲಿ ೧೯೬೯ರಲ್ಲಿ ಅದನ್ನು ಆಹಾರದಲ್ಲಿ ಬಳಸಲು ಒಪ್ಪಿಗೆ ದೊರೆಯಿತು. ಕಣ್ಣಿಗೆ ಕಾಣದ ಜೀವಿಯು ಮಾಡಿದರೆ ಶುದ್ಧ, ಮನುಷ್ಯನು ಮಾಡಿದರೆ ಕಲಬೆರಕೆ ಎಂಬುದು ಯಾವ ನ್ಯಾಯ? ನಮ್ಮ ಹೊಲದ ಚವಳಿಕಾಯಿಯ ಅಂಟನ್ನೇ ನೋಡಿರಿ. ಅದನ್ನೂ ಅದರ ಮಾರ್ಪಡಿಸಿದ ರೂಪವನ್ನೂ ಅಮೆರಿಕದವರು ಬಂಡೆ ಸೀಳಿ ಅನಿಲ ತೆಗೆಯಲು ಕೊಳ್ಳತೊಡಗಿದಾಗ, ೨೦೧೨ರಲ್ಲಿ ರಾಜಸ್ಥಾನದ ರೈತರು ಹಿಂದೆಂದೂ ಕಾಣದ ಬೆಲೆಯನ್ನು ಕಂಡರು.

ಹಾಗೆಂದು ಕಾರ್ಖಾನೆಯವರು ಹೇಳಿದುದಕ್ಕೆಲ್ಲ ತಲೆದೂಗಬೇಕೆಂದು ನಾನು ಹೇಳುವುದಿಲ್ಲ. ಮಾರ್ಪಡಿಸಿದ ಮೇಲೆಯೂ ‘ನೈಸರ್ಗಿಕ’ವೆಂಬ ಚೀಟಿಯನ್ನು ಅಂಟಿಸುವುದು ಮೋಸವೇ ಸರಿ. ಅದಕ್ಕಿಂತ ದೊಡ್ಡ ಪ್ರಶ್ನೆ ತೊಳೆದ ನೀರಿನದು. ಅಂಟಿಗೆ ಒಂದು ಕಾರ್ಬಾಕ್ಸಿಮೀಥೈಲ್ ಗುಂಪು ಸೇರಿದರೆ ಒಂದು ಅಣು ಉಪ್ಪು ಹುಟ್ಟುತ್ತದೆ. ಆಮ್ಲದ ಒಂದಂಶವು ಸರಪಣಿಯನ್ನು ಮುಟ್ಟದೆ ನೀರಿನೊಡನೆಯೇ ವರ್ತಿಸಿ ಗ್ಲೈಕೋಲೇಟಾಗಿ ಹೋಗುತ್ತದೆ. ಇವೆಲ್ಲವೂ ತೊಳೆದ ನೀರಿನಲ್ಲಿ ಇಳಿಯುತ್ತವೆ. ಮಾನೋಕ್ಲೋರೋ ಅಸಿಟಿಕ್ ಆಮ್ಲವಂತೂ ಚರ್ಮವನ್ನು ಸುಡುವ ವಿಷ. ಬೀದರಿನಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿಯೇ ಮುರಕಲ್ಲನ್ನು ಕೊರೆದು ಕರೇಜ್ ಎಂಬ ಸುರಂಗ ಕಾಲುವೆಗಳಿಂದ ಅಂತರ್ಜಲವನ್ನು ತಂದಿದ್ದರು. ಅಂಥ ಊರಿನ ಸುತ್ತ ಕಾರ್ಖಾನೆಯನ್ನು ಕಟ್ಟುವವರು ಬಾವಿಯ ಲೆಕ್ಕವನ್ನು ಮೊದಲು ಒಪ್ಪಿಸಲಿ, ಲಾಭದ ಲೆಕ್ಕವನ್ನು ಆಮೇಲೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡುವ ಕೆಲಸಕ್ಕೆ ಈ ಭಯವಿಲ್ಲ. ಅದು ನಮ್ಮ ಹಳ್ಳಿಗಳಲ್ಲಿಯೇ ನಡೆಯಬಹುದು, ನಡೆಯಬೇಕು.

ನಮ್ಮ ಪ್ರಯೋಗಶಾಲೆಗಳಲ್ಲಿ ಹರಳೆಣ್ಣೆಯೊಳಕ್ಕೆ ಗುಂಡನ್ನು ಬಿಟ್ಟು ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗ ಪ್ರತಿವರ್ಷವೂ ತಪ್ಪದೆ ನಡೆಯುತ್ತದೆ. ಉತ್ತರವು ಹಿಂದಿನ ವರ್ಷದ ದಫ್ತರಿನಲ್ಲಿ ಮೊದಲೇ ಇರುತ್ತದೆ. ಹುಣಸೆಯ ಅಂಟಿನಲ್ಲಿ ಇದೇ ಪ್ರಯೋಗವನ್ನು ಮಾಡಿಸಿ ನೋಡಿರಿ. ಗುಂಡಿನ ವೇಗ ಬದಲಾದರೆ ಉತ್ತರವೂ ಬದಲಾಗುತ್ತದೆ, ಸ್ಟೋಕ್ಸನ ಸೂತ್ರವು ಕೈಕೊಡುತ್ತದೆ, ವಿದ್ಯಾರ್ಥಿಯು ಯೋಚಿಸಲೇಬೇಕಾಗುತ್ತದೆ.

ಆ ಹುಡುಗನು ಹಸಿಪುಡಿ, ಕುದಿಸಿದ ಸರಿ, ಅಂಗಡಿಯಿಂದ ತರಿಸಿದ ಮಾರ್ಪಡಿಸಿದ ಪುಡಿ ಈ ಮೂರನ್ನೂ ಬ್ಯೂರೆಟ್ಟಿನಿಂದ ಇಳಿಸಿ ಕಾಲವನ್ನು ಗುರುತು ಹಾಕಿಕೊಂಡನು. ಮೂರನೆಯದಕ್ಕೆ ಉಪ್ಪು ಹಾಕಿದಾಗ ಅದು ಸರ್ರನೆ ಇಳಿದುದನ್ನು ಕಂಡು ನಕ್ಕನು. ಕಲಬೆರಕೆಯ ಮಾತನ್ನು ಮತ್ತೆ ಎತ್ತಲಿಲ್ಲ. ತೊಳೆದ ನೀರಿನಲ್ಲಿ ಎಷ್ಟು ಉಪ್ಪಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಿದನು. ಕಪಾಟಿನಲ್ಲಿ ಧೂಳು ಹಿಡಿದಿದ್ದ ವಾಹಕತೆಯ ಮಾಪಕವನ್ನು ಈಗ ಹೊರಗೆ ತೆಗೆದಿಟ್ಟಿದ್ದೇನೆ.