ಒಂದೇ ಮಗು, ಎರಡು ವರದಿ: ಸ್ವಲೀನ ಮಕ್ಕಳ ನಡವಳಿಕೆಯನ್ನು ಅಳೆಯುವವರು ಯಾರು?

ಪ್ರತಿವರ್ಷ ಏಪ್ರಿಲ್ 2 ಬಂತೆಂದರೆ ವಿಶ್ವ ಆಟಿಸಂ ಜಾಗೃತಿ ದಿನದ ಅಂಗವಾಗಿ ಮಹಾನಗರಗಳಲ್ಲಿ ಸಭೆ, ಜಾಥಾ, ಉಪನ್ಯಾಸಗಳು ನಡೆಯುತ್ತವೆ. ವಿಶ್ವಸಂಸ್ಥೆಯು 2007ರಲ್ಲಿ ಈ ದಿನವನ್ನು ಘೋಷಿಸಿದ ತರುವಾಯ ಆಟಿಸಂ, ಅರ್ಥಾತ್ ಸ್ವಲೀನತೆ ಎಂಬ ಪದವು ನಮ್ಮ ಮನೆಗಳ ಮಾತುಕತೆಯೊಳಗೂ ಪ್ರವೇಶಿಸಿದೆ. ಆದರೆ ಈ ಸಭೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಪ್ರಶ್ನೆಯೊಂದಿದೆ. ಮಗುವಿನ ನಡವಳಿಕೆ ಹೀಗಿದೆ ಎಂದು ನಿರ್ಧರಿಸುವವರು ಯಾರು? ಹೆತ್ತವರೋ, ತಜ್ಞರೋ? ಇಬ್ಬರ ಮಾತು ಒಂದಾಗದಿದ್ದಾಗ ನಾವು ಯಾರನ್ನು ನಂಬಬೇಕು?

ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ನಮ್ಮ ಪರಿಚಯದ ಕನ್ನಡ ಕುಟುಂಬವೊಂದಕ್ಕೆ ಈ ಪ್ರಶ್ನೆ ಕೇವಲ ಚರ್ಚೆಯ ವಿಷಯವಾಗಿರಲಿಲ್ಲ. ಅವರ ನಾಲ್ಕು ವರ್ಷದ ಮಗನನ್ನು ಕೇಂದ್ರವೊಂದಕ್ಕೆ ಕರೆದೊಯ್ದಾಗ ತಜ್ಞರು ಸುಮಾರು ನಲವತ್ತು ನಿಮಿಷಗಳ ಕಾಲ ಹಿಂದಿಯಲ್ಲಿ ಮಾತನಾಡಿಸಿ, ಆಟಿಕೆಗಳನ್ನು ಮುಂದಿಟ್ಟು ನೋಡಿದರು. ‘ಉಪಯುಕ್ತ ಮಾತು ಇಲ್ಲ’ ಎಂದು ವರದಿಯಲ್ಲಿ ಬರೆದರು. ತಾಯಿಗೆ ಇದು ಸಿಡಿಲು ಬಡಿದಂತಾಯಿತು. ಮನೆಯಲ್ಲಿ ಮಗು ಬಾಯಾರಿದಾಗಲೆಲ್ಲ ‘ನೀರು ಬೇಕಾ ಪುಟ್ಟಾ?’ ಎನ್ನುತ್ತಿತ್ತು. ಅದು ಅಜ್ಜಿ ಕೇಳುತ್ತಿದ್ದ ಪ್ರಶ್ನೆ. ಮಗುವಿನ ಬಾಯಲ್ಲಿ ಅದೇ ಬೇಡಿಕೆಯಾಗಿತ್ತು. ತಾಯಿ ತನ್ನ ಮಗ ಮಾತನಾಡುತ್ತಾನೆ ಎಂದಳು. ಆಕೆ ಸತ್ಯವನ್ನು ಒಪ್ಪಿಕೊಳ್ಳಲು ಸಿದ್ಧಳಿಲ್ಲವೆಂದು ತಜ್ಞರು ಭಾವಿಸಿದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಇಂತಹ ಭಿನ್ನಾಭಿಪ್ರಾಯಕ್ಕೆ ಎಡೆಯಾಗುವುದೇಕೆಂಬುದನ್ನು ಮೊದಲು ತಿಳಿಯಬೇಕು. ಸಕ್ಕರೆ ಕಾಯಿಲೆಯನ್ನು ರಕ್ತಪರೀಕ್ಷೆಯಿಂದ ಗುರುತಿಸುವಂತೆ ಸ್ವಲೀನತೆಯನ್ನು ಗುರುತಿಸಲು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವಿನ ವರ್ತನೆಯೇ ಇಲ್ಲಿ ಪುರಾವೆ. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ಇರುವ ಎಂ-ಚಾಟ್ ಎಂಬ ಪ್ರಶ್ನಾವಳಿಯ ಪರಿಷ್ಕೃತ ರೂಪದಲ್ಲಿ ಹೆತ್ತವರು ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದ 20 ಪ್ರಶ್ನೆಗಳಿವೆ. ಅದು ಕೇವಲ ಪ್ರಾಥಮಿಕ ಶೋಧ, ರೋಗನಿರ್ಣಯವಲ್ಲ. ನಮ್ಮ ದೇಶದಲ್ಲಿ ಪ್ರಮಾಣಪತ್ರಕ್ಕಾಗಿ ಬಳಕೆಯಲ್ಲಿರುವುದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯು ರೂಪಿಸಿ 2009ರಲ್ಲಿ ಹೊರತಂದ ಐ.ಎಸ್.ಎ.ಎ. ಎಂಬ ಭಾರತೀಯ ಮಾಪಕ. ಅದರಲ್ಲಿ 40 ಅಂಶಗಳಿವೆ. ಸಾಮಾಜಿಕ ಸಂಬಂಧ, ಭಾವನಾತ್ಮಕ ಪ್ರತಿಕ್ರಿಯೆ, ಮಾತು, ವರ್ತನೆ, ಇಂದ್ರಿಯಾನುಭವ, ಗ್ರಹಿಕೆ ಎಂಬ ಆರು ವಿಭಾಗಗಳಲ್ಲಿ ಪ್ರತಿಯೊಂದು ಅಂಶಕ್ಕೂ ‘ವಿರಳ’ ಎಂಬುದರಿಂದ ‘ಸದಾ’ ಎಂಬುದರವರೆಗೆ 1ರಿಂದ 5 ಅಂಕ. ಒಟ್ಟು ಅಂಕ 70ಕ್ಕಿಂತ ಕಡಿಮೆಯಿದ್ದರೆ ಸ್ವಲೀನತೆಯಿಲ್ಲ ಎಂದರ್ಥ. ತಜ್ಞರು ಮಗುವನ್ನು ಕಂಡು, ಹೆತ್ತವರನ್ನು ಕೇಳಿ ಈ ಅಂಕಗಳನ್ನು ನೀಡುತ್ತಾರೆ. ‘ವಿರಳ’ವೋ ‘ಸದಾ’ವೋ ಎಂಬುದು ನೋಡುವವರು ಎಲ್ಲಿ, ಎಷ್ಟು ಹೊತ್ತು ನೋಡಿದರೆಂಬುದನ್ನು ಅವಲಂಬಿಸಿರುವುದು ಸಹಜವೇ ಆಗಿದೆ.

ಇತಿಹಾಸದತ್ತ ಕಣ್ಣು ಹಾಯಿಸಿದರೆ ಸ್ವಾರಸ್ಯದ ಸಂಗತಿಯೊಂದು ಎದುರಾಗುತ್ತದೆ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತದೊಂದಿಗೆ ಈ ಸ್ಥಿತಿಯನ್ನು ಮೊದಲಾಗಿ ವಿವರಿಸಿದರು. ಮೊದಲನೆಯ ಬಾಲಕನ ವಿಚಾರದಲ್ಲಿ ಅವರಿಗೆ ಆಧಾರವಾದುದು ಆತನ ತಂದೆ ಬರೆದು ಕಳುಹಿಸಿದ 33 ಪುಟಗಳ ಟೈಪ್ ಮಾಡಿದ ಪತ್ರ. ಎಂದರೆ, ಸ್ವಲೀನತೆಯ ಶಾಸ್ತ್ರವು ಆರಂಭವಾದದ್ದೇ ಹೆತ್ತವರೊಬ್ಬರ ನಿಶಿತ ದೃಷ್ಟಿಯಿಂದ. ಆದರೆ ಅದೇ ಲೇಖನದಲ್ಲಿ ಕ್ಯಾನರ್, ಈ ಮಕ್ಕಳ ಹೆತ್ತವರಲ್ಲಿ ಆರ್ದ್ರ ಹೃದಯದವರು ಕಡಿಮೆ ಎಂಬ ಮಾತನ್ನೂ ಸೇರಿಸಿದರು. ಆ ಬೀಜ ಹೆಮ್ಮರವಾಗಿ, ತಾಯಿಯ ನಿರ್ಭಾವವೇ ಇದಕ್ಕೆ ಕಾರಣವೆಂಬ ವಾದ ಬೆಳೆಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಮ್ಮ ಗ್ರಂಥದಲ್ಲಿ ಅದಕ್ಕೆ ವ್ಯಾಪಕ ಪ್ರಚಾರ ನೀಡಿದರು. ಆರೋಪಿಯ ಸ್ಥಾನದಲ್ಲಿ ನಿಂತ ತಾಯಿಯ ಸಾಕ್ಷ್ಯಕ್ಕೆ ಬೆಲೆಯೆಲ್ಲಿಯದು? ಈ ವಾದವನ್ನು 1964ರಷ್ಟು ಹಿಂದೆಯೇ ಅಲ್ಲಗಳೆದ ಬರ್ನಾರ್ಡ್ ರಿಮ್ಲಂಡ್ ಹಾಗೂ ಇಂಗ್ಲೆಂಡಿನಲ್ಲಿ ಸ್ವಲೀನತೆಯ ವ್ಯಾಪ್ತಿಯನ್ನು ವಿಸ್ತರಿಸಿ ನೋಡಿದ ವೈದ್ಯೆ ಲೋರ್ನಾ ವಿಂಗ್ ಇಬ್ಬರೂ ಸ್ವತಃ ಸ್ವಲೀನ ಮಕ್ಕಳ ಪೋಷಕರಾಗಿದ್ದರೆಂಬುದು ಗಮನಾರ್ಹ. ಹೆತ್ತವರ ಮಾತನ್ನು ಕಡೆಗಣಿಸಿದ ಕಾಲವು ವಿಜ್ಞಾನವನ್ನೂ ಹಿಂದಕ್ಕೆಳೆಯಿತೆಂದರೆ ತಪ್ಪಾಗಲಾರದು.

ಹಾಗೆಂದು ಹೆತ್ತವರ ದೃಷ್ಟಿಯೇ ಪರಿಪೂರ್ಣವೆಂದು ನಾವು ವಾದಿಸುತ್ತಿಲ್ಲ. ಚೊಚ್ಚಲ ಮಗುವಾದರೆ ಹೋಲಿಸಿ ನೋಡಲು ಮನೆಯಲ್ಲಿ ಇನ್ನೊಂದು ಮಗುವಿರುವುದಿಲ್ಲ. ಊರಿನ ಕೂಡುಕುಟುಂಬದಿಂದ ದೂರವಾಗಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬಾಳುವ ನಮಗಂತೂ ಈ ಕೊರತೆ ಹೆಚ್ಚು. ಮಗು ಕೇಳುವ ಮೊದಲೇ ಲೋಟ ಹಿಡಿದು ಬರುವ ತಾಯಿಗೆ, ಮಗು ಬೆರಳು ತೋರಿಸಿ ಕೇಳುವುದಿಲ್ಲವೆಂಬುದು ಅರಿವಿಗೇ ಬಾರದಿರಬಹುದು. ‘ಇವನ ಅಪ್ಪನೂ ತಡವಾಗಿಯೇ ಮಾತನಾಡಿದ್ದು’ ಎಂಬ ಹಿರಿಯರ ಸಮಾಧಾನವು ಅಮೂಲ್ಯವಾದ ಎರಡು ವರ್ಷಗಳನ್ನು ನುಂಗಿಬಿಡುವುದುಂಟು. ನೂರಾರು ಮಕ್ಕಳನ್ನು ಕಂಡ ತಜ್ಞರು, ಮಗು ಏನು ಮಾಡುತ್ತದೆ ಎಂಬುದರ ಜೊತೆಗೆ ಆ ವಯಸ್ಸಿಗೆ ಮಾಡಬೇಕಾದ ಏನನ್ನು ಮಾಡುತ್ತಿಲ್ಲ ಎಂಬುದನ್ನೂ ಗುರುತಿಸಬಲ್ಲರು.

ಮಕ್ಕಳ ವರ್ತನೆಯ ಕುರಿತಾದ 119 ಅಧ್ಯಯನಗಳನ್ನು ಥಾಮಸ್ ಆಕೆನ್‌ಬಾಕ್ ಮತ್ತು ಸಂಗಡಿಗರು 1987ರಲ್ಲಿ ಒಟ್ಟಾಗಿ ಪರಿಶೀಲಿಸಿದ್ದರು. ತಾಯಿ-ತಂದೆಯರಂತೆ ಒಂದೇ ಪಾತ್ರದಲ್ಲಿರುವವರ ಅಭಿಪ್ರಾಯಗಳ ನಡುವಿನ ಹೊಂದಾಣಿಕೆ ಸರಾಸರಿ 0.60 ಇದ್ದರೆ, ಹೆತ್ತವರು ಮತ್ತು ಶಿಕ್ಷಕರಂತೆ ಬೇರೆ ಬೇರೆ ಪಾತ್ರದಲ್ಲಿರುವವರ ನಡುವೆ ಅದು 0.28 ಮಾತ್ರ ಇತ್ತು. ಸಂಪೂರ್ಣ ಹೊಂದಾಣಿಕೆಯೆಂದರೆ 1. ಅದು ಸ್ವಲೀನ ಮಕ್ಕಳಿಗೆ ಸೀಮಿತವಾದ ಅಧ್ಯಯನವಲ್ಲ. ಆದರೆ ಅದರ ತಾತ್ಪರ್ಯ ಇಲ್ಲಿಗೂ ಸಲ್ಲುತ್ತದೆ. ಮನೆಯ ಮಗು ಬೇರೆ, ಶಾಲೆಯ ಮಗು ಬೇರೆ, ಅಪರಿಚಿತ ಕೋಣೆಯ ಮಗು ಬೇರೆ. ವರದಿಗಳ ನಡುವಿನ ಅಂತರವು ತಪ್ಪಿನ ಗುರುತಲ್ಲ, ಅದೂ ಒಂದು ಮಾಹಿತಿ.

ಬ್ಯಾಂಕಿನಲ್ಲಿ ದಶಕಗಳನ್ನು ಕಳೆದ ನಮಗೆ ಇದು ಹೊಸತಲ್ಲ. ಗ್ರಾಹಕರ ಪುಸ್ತಕದ ಬಾಕಿಗೂ ಬ್ಯಾಂಕಿನ ಲೆಡ್ಜರಿನ ಬಾಕಿಗೂ ತಾಳೆಯಾಗದಿದ್ದಾಗ ನಾವು ಯಾರನ್ನೂ ಸುಳ್ಳುಗಾರರೆನ್ನುವುದಿಲ್ಲ. ಒಂದೊಂದೇ ನಮೂದನ್ನು ಎದುರುಬದುರು ಇರಿಸಿ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುತ್ತೇವೆ. ಹಣಕ್ಕೆ ಸಲ್ಲುವ ಈ ತಾಳ್ಮೆ ಮಗುವಿಗೆ ಸಲ್ಲಬೇಡವೇ?

ಇದಕ್ಕೆ ನಮ್ಮ ವ್ಯವಸ್ಥೆಯೇ ತೊಡಕಾಗಿರುವುದು ದುರ್ದೈವ. 1995ರ ಅಂಗವಿಕಲರ ಕಾಯಿದೆಯ ಏಳು ವರ್ಗಗಳಲ್ಲಿ ಸ್ವಲೀನತೆ ಇರಲಿಲ್ಲ. 2016ರ ಕಾಯಿದೆಯು ವರ್ಗಗಳನ್ನು 21ಕ್ಕೆ ಏರಿಸಿ ಅದನ್ನು ಸೇರಿಸಿಕೊಂಡಿತು. ಆದರೆ ಮೀಸಲಾತಿಯಂತಹ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಪರಿಣಾಮವಾಗಿ ಹೆತ್ತವರು ಎರಡು ಬಗೆಯ ಅರ್ಜಿ ತುಂಬುವ ಇಕ್ಕಟ್ಟಿಗೆ ಸಿಲುಕುತ್ತಾರೆ. ಶಾಲೆಯ ಪ್ರವೇಶದ ಅರ್ಜಿಯಲ್ಲಿ ಮಗು ಶಾಂತ, ಹೇಳಿದ್ದನ್ನು ಕೇಳುತ್ತದೆ. ಪ್ರಮಾಣಪತ್ರದ ದಿನ ಅದೇ ಮಗುವಿನ ಅತ್ಯಂತ ಕಷ್ಟದ ಘಳಿಗೆಗಳನ್ನೇ ಅದರೆದುರಿಗೇ ಎಣಿಸಿ ಹೇಳಬೇಕು. ಇದನ್ನರಿತ ತಜ್ಞರು ಹೆತ್ತವರ ಮಾತನ್ನು ಶಂಕಿಸತೊಡಗುತ್ತಾರೆ. ಹೆತ್ತವರನ್ನು ದೂರುವುದಕ್ಕೆ ಮುನ್ನ, ನಿಜ ಹೇಳಿದರೆ ಶಾಲೆಯ ಬಾಗಿಲು ಮುಚ್ಚುವುದೆಂಬ ಅವರ ಭಯ ಆಧಾರರಹಿತವೇ ಎಂದು ನಾವು ಕೇಳಿಕೊಳ್ಳಬೇಕು.

ಹೊರನಾಡ ಕನ್ನಡಿಗರಿಗೆ ಭಾಷೆಯ ತೊಡಕು ಬೇರೆ. ಮನೆಯಲ್ಲಿ ಕನ್ನಡ ಅಥವಾ ತುಳು, ಓಣಿಯಲ್ಲಿ ಮರಾಠಿ, ಪರೀಕ್ಷೆ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಕೇಳಿದ ಮಾತನ್ನೇ ಮರುನುಡಿಯುವುದು ಸ್ವಲೀನತೆಯ ಲಕ್ಷಣಗಳಲ್ಲೊಂದು ಹೌದು. ಆದರೆ ಆ ಮರುನುಡಿಗೂ ಬೇಡಿಕೆ, ಉತ್ತರ ಇತ್ಯಾದಿ ಉದ್ದೇಶಗಳಿರುತ್ತವೆಂದು ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡ್ಯೂಕನ್ 1981ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ‘ನೀರು ಬೇಕಾ ಪುಟ್ಟಾ’ ಎಂಬುದರ ಉದ್ದೇಶವನ್ನು ಕನ್ನಡವರಿಯದ ತಜ್ಞರು ತಿಳಿಯುವುದಾದರೂ ಹೇಗೆ? ಮನೆಯಲ್ಲಿ ಒಂದೇ ಭಾಷೆ ಆಡಿರಿ, ಕನ್ನಡ ಬಿಡಿರಿ ಎಂಬ ಸಲಹೆಯೂ ಅನೇಕರಿಗೆ ದೊರೆಯುತ್ತದೆ. ಎರಡು ಭಾಷೆಗಳಿಂದ ಸ್ವಲೀನ ಮಕ್ಕಳ ಮಾತಿಗೆ ಹಾನಿಯಾಗುತ್ತದೆಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ಅಜ್ಜಿಯ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಅಜ್ಜಿಯೇ ದೂರವಾಗುತ್ತಾಳೆ.

ಹಾಗಾದರೆ ಮಾಡಬೇಕಾದುದೇನು? ಹೆತ್ತವರು ದಿನಚರಿಯೊಂದನ್ನು ಇರಿಸಲಿ. ‘ಹಟ ಮಾಡುತ್ತಾನೆ’ ಎಂದಷ್ಟೇ ಬರೆಯದೆ, ಹಟಕ್ಕೆ ಮುನ್ನ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತೆಂದು ಮೂರು ಸಾಲು ಬರೆಯಲಿ. ಊಟ, ಆಟ, ಜನಸಂದಣಿಯ ಸಂದರ್ಭಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತಜ್ಞರಿಗೆ ತೋರಿಸಲಿ. ಮನೆಮಾತು ಯಾವುದೆಂದು ಮೊದಲೇ ತಿಳಿಸಿ, ಅದು ವರದಿಯಲ್ಲಿ ದಾಖಲಾಗುವಂತೆ ಕೇಳಲಿ. ತಜ್ಞರೂ ತಾವು ಎಲ್ಲಿ, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ ಗಮನಿಸಿದೆವೆಂಬುದನ್ನು ಬರೆಯಲಿ. ಹೆತ್ತವರ ಮಾತು ತಮ್ಮ ಅನುಭವಕ್ಕೆ ವಿರುದ್ಧವಾದರೆ ಅದನ್ನು ಅಳಿಸದೆ ಪಕ್ಕದಲ್ಲೇ ನಮೂದಿಸಲಿ. ಇವರಿಬ್ಬರಲ್ಲದೆ ಮೂರನೆಯ ಸಾಕ್ಷಿಯಾಗಿ ಮಗುವೂ ಇದೆಯೆಂಬುದನ್ನು ಮರೆಯಬಾರದು. ಸ್ವತಃ ಸ್ವಲೀನರಾದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್, ಸಾಮಾನ್ಯ ಸದ್ದು ಮತ್ತು ಸ್ಪರ್ಶಗಳೂ ಬಾಲ್ಯದಲ್ಲಿ ತಮಗೆ ಅಸಹನೀಯವಾಗಿದ್ದುವೆಂದು ವಿವರಿಸಿದ್ದಾರೆ. ಹೊರಗಿನಿಂದ ನೋಡುವವರಿಗೆ ಹಟವೆನಿಸಿದ್ದು ಒಳಗಿನಿಂದ ನೋವಾಗಿರಬಹುದು.

ನಮ್ಮ ಸಂಘಗಳೂ ಇಲ್ಲಿ ಸಣ್ಣ ಸೇವೆಯೊಂದನ್ನು ಸಲ್ಲಿಸಬಹುದು. ಹೊರನಾಡಿನ ಪ್ರತಿ ನಗರದಲ್ಲೂ ಕನ್ನಡ ಬಲ್ಲ ವೈದ್ಯರು, ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು ಇದ್ದೇ ಇರುತ್ತಾರೆ. ಅವರ ಪಟ್ಟಿಯೊಂದನ್ನು ಸಿದ್ಧಪಡಿಸುವುದು, ಮೌಲ್ಯಮಾಪನದ ದಿನ ಹೆತ್ತವರೊಂದಿಗೆ ಭಾಷೆ ಬಲ್ಲ ಸದಸ್ಯರೊಬ್ಬರು ಹೋಗುವುದು, ಇವಕ್ಕೆ ಸಭಾಂಗಣವೂ ಬೇಡ, ಹೆಚ್ಚಿನ ಹಣವೂ ಬೇಡ.

ಮೇಲೆ ಹೇಳಿದ ಕುಟುಂಬವು ಆರು ತಿಂಗಳ ಬಳಿಕ ದಿನಚರಿ ಮತ್ತು ನಾಲ್ಕಾರು ವಿಡಿಯೋಗಳೊಂದಿಗೆ ಅದೇ ತಜ್ಞರನ್ನು ಮತ್ತೆ ಕಂಡಿತು. ಅವರು ಸಾವಧಾನವಾಗಿ ನೋಡಿ, ವಾಕ್ಯದ ಅರ್ಥವನ್ನು ತಾಯಿಯಿಂದ ಕೇಳಿ ತಿಳಿದರು. ಸ್ವಲೀನತೆಯೆಂಬ ನಿರ್ಣಯ ಬದಲಾಗಲಿಲ್ಲ. ತಾಯಿಯೂ ಈಗ ಅದನ್ನು ಒಪ್ಪಿದ್ದಾಳೆ. ಆದರೆ ‘ಉಪಯುಕ್ತ ಮಾತು ಇಲ್ಲ’ ಎಂದಿದ್ದ ಕಡೆ ‘ಮನೆಯ ಭಾಷೆಯಲ್ಲಿ, ಕಲಿತ ವಾಕ್ಯಗಳ ಮೂಲಕ ಬೇಡಿಕೆ ವ್ಯಕ್ತಪಡಿಸುತ್ತಾನೆ’ ಎಂಬ ಸಾಲು ಬಂದಿತು. ತರಬೇತಿ ಆ ಸಾಲಿನಿಂದಲೇ ಆರಂಭವಾಯಿತು. ಈಗ ಆ ಬಾಲಕ ‘ನೀರು ಬೇಕು’ ಎನ್ನಲು ಕಲಿಯುತ್ತಿದ್ದಾನೆ.