ಎಣ್ಣೆ ಅಂಗಡಿ ಎಲ್ಲರಿಗೂ ಗೊತ್ತು, ಬಿಟ್ಟವರ ಸಭೆ ಯಾರಿಗೂ ಗೊತ್ತಿಲ್ಲ

ಒಂದು ಭಾನುವಾರ ಸಂಜೆ ನಾವು ಮೂವರು ಒಂದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎರಡು ಪ್ರಶ್ನೆ ಕೇಳಿದೆವು. ಎಣ್ಣೆ ಅಂಗಡಿ ಎಲ್ಲಿ ಅಂದರೆ ಆಟೋದವರು, ಹೂ ಮಾರುವವರು, ಕಂಡಕ್ಟರು ಎಲ್ಲರೂ ಕೈ ತೋರಿಸಿದರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಕುಡಿತ ಬಿಟ್ಟವರ ಸಭೆ ಎಲ್ಲಿ ಅಂದರೆ ಎಲ್ಲರೂ ನಮ್ಮ ಮುಖ ನೋಡಿದರು. ಒಬ್ಬರು, "ಯಾಕ್ರಪ್ಪಾ, ಇಷ್ಟು ಚಿಕ್ಕ ವಯಸ್ಸಿಗೇ?" ಅಂದರು. ಸಭೆ ನಡೆಯುತ್ತಿದ್ದದ್ದು ಅಲ್ಲಿಂದ ಐದು ನಿಮಿಷದ ದಾರಿಯಲ್ಲಿ, ಒಂದು ಶಾಲೆಯ ಕೋಣೆಯಲ್ಲಿ.

ಅದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆ. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಇಬ್ಬರು, ಒಬ್ಬ ಷೇರು ವ್ಯವಹಾರದವರು, ಒಬ್ಬ ಡಾಕ್ಟರು, ಒಬ್ಬರಿಗೊಬ್ಬರು ಮಾತಾಡುತ್ತಾ ಕುಡಿಯದೆ ಉಳಿದರು. ಅಲ್ಲಿಂದ ಇದು ಬೆಳೆಯಿತು. ಶುಲ್ಕವಿಲ್ಲ, ಅರ್ಜಿಯಿಲ್ಲ, ಆಧಾರ್ ಕಾರ್ಡ್ ಕೇಳುವವರಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಹೊರಗಿನವರೂ ಕೂರಬಹುದಾದ ಸಭೆಗಳಿರುತ್ತವೆ, ಹಾಗಾಗಿ ನಮ್ಮನ್ನೂ ಒಳಗೆ ಬಿಟ್ಟರು. ಅಲ್ಲಿ ಯಾರಿದ್ದರು, ಏನಂದರು ಅನ್ನುವುದನ್ನು ಬರೆಯುವುದಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು ಅನ್ನುವುದು ಅವರ ನಿಯಮ. ಇಷ್ಟು ಹೇಳಬಹುದು: ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ನಮ್ಮ ಊರಲ್ಲಿ ಕುಡಿಯುವವನಿಗೆ ಬುದ್ಧಿ ಹೇಳದ ಒಬ್ಬನನ್ನಾದರೂ ತೋರಿಸಿ ನೋಡೋಣ.

ನಮ್ಮ ಜಗಳ ಇರುವುದು ಇಲ್ಲೇ. ಕುಡಿತ ಬಿಡಿಸಲು ನಮ್ಮೂರುಗಳಿಗೆ ಗೊತ್ತಿರುವ ದಾರಿಗಳನ್ನೇ ನೋಡಿ. ದೇವರ ಮುಂದೆ ಆಣೆ ಮಾಡಿಸುತ್ತೇವೆ. ಅಯ್ಯಪ್ಪನ ಮಾಲೆ ಹಾಕಿಸುತ್ತೇವೆ. ಮಾಲೆ ಇರುವಷ್ಟು ದಿನ ಆತ ಹನಿ ಮುಟ್ಟುವುದಿಲ್ಲ, ಮಾಲೆ ತೆಗೆದ ವಾರಕ್ಕೆ ಮತ್ತೆ ಅದೇ ಅಂಗಡಿಯ ಮುಂದೆ. ಮದ್ಯವರ್ಜನ ಶಿಬಿರಕ್ಕೆ ಕಳಿಸುತ್ತೇವೆ. ಶಿಬಿರಗಳನ್ನು ನಾವು ಹಳಿಯುವುದಿಲ್ಲ, ಅಲ್ಲಿಂದ ಬಂದು ಹೊಸ ಬದುಕು ಕಟ್ಟಿಕೊಂಡವರಿದ್ದಾರೆ. ಆದರೆ ಶಿಬಿರದ ಕೊನೆಯ ದಿನ ಹಾರ, ಫೋಟೊ, ಭಾಷಣ ಎಲ್ಲ ಮುಗಿದ ಮೇಲೆ ಆತ ವಾಪಸ್ ಬರುವುದು ಎಲ್ಲಿಗೆ? ಅದೇ ಅರಳಿಕಟ್ಟೆ, ಅದೇ ಗೆಳೆಯರು, "ಏನೋ, ಸ್ವಾಮಿಗಳಾಗಿಬಿಟ್ಯಾ?" ಅನ್ನುವ ಅದೇ ನಗುವಿಗೆ. ಶಿಬಿರದವರು ಕಟ್ಟಿಕೊಟ್ಟ ಸಮಿತಿ ವಾರವಾರ ಸೇರುವ ಊರಲ್ಲಿ ಪರವಾಗಿಲ್ಲ. ಸೇರದ ಊರಲ್ಲಿ ಆತ ಒಂಟಿ.

ಇನ್ನೊಂದು ದಾರಿ ಇದೆ, ಅದು ಅಪಾಯದ್ದು. "ಅವರಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ" ಅನ್ನುವ ಪುಡಿ, ಮಾತ್ರೆಗಳ ಜಾಹೀರಾತು ಬಸ್ ಸ್ಟ್ಯಾಂಡಿನ ಗೋಡೆಯಿಂದ ವಾಟ್ಸಾಪಿಗೆ ಬಂದಿದೆ. ಡೈಸಲ್ಫಿರಾಂ ಎಂಬ ಮಾತ್ರೆ ಇದೆ. ಡಾಕ್ಟರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದದ್ದು. ಅದು ಮೈಯಲ್ಲಿದ್ದಾಗ ಕುಡಿದರೆ ವಾಂತಿ, ಎದೆಬಡಿತ ಏರಿ ಬಿಪಿ ಕುಸಿಯುತ್ತದೆ, ಪ್ರಾಣಕ್ಕೂ ಬರಬಹುದು. ಅಕ್ಕಂದಿರೇ, ಅಮ್ಮಂದಿರೇ, ಕಷ್ಟ ತಡೆಯಲಾರದೆ ಹೀಗೆ ಮಾಡುತ್ತೀರಿ, ಗೊತ್ತು. ಆದರೂ ಸಾರಿನಲ್ಲಿ ಬೆರೆಸಬೇಡಿ.

ಬೆಳಗ್ಗೆ ಎದ್ದ ಕೂಡಲೇ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು. ಅಂಥವರು ಮೊದಲು ಆಸ್ಪತ್ರೆಗೆ ಹೋಗಬೇಕು, ಸಭೆ ಆಮೇಲೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ಕ್ಲಿನಿಕ್ ಇಡಲಾಗಿದೆ. ಟೆಲಿ ಮಾನಸ್‌ನ 14416ಕ್ಕೆ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎಎಯವರ ವೆಬ್‌ಸೈಟಿನಲ್ಲಿ ಸಭೆಗಳ ವಿವರ ಸಿಗುತ್ತದೆ, ಹೊರಡುವ ಮೊದಲು ಫೋನ್ ಮಾಡಿ ಕೇಳಿ, ಜಾಗ ಸಮಯ ಬದಲಾಗುತ್ತಿರುತ್ತವೆ. ನಮ್ಮೂರವರ ಕಣ್ಣಿಗೆ ಬೀಳುವ ಭಯವಿದ್ದರೆ ಪಕ್ಕದ ತಾಲ್ಲೂಕಿನ ಸಭೆಗೆ ಹೋಗಿ. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಗುಂಪಿದೆ. ಗಂಡ ಕುಡಿತ ಬಿಡದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು. ಇದು ತುಂಬ ಜನಕ್ಕೆ ಗೊತ್ತಿಲ್ಲ.

ಆದರೆ ಹೋಗುವುದು ಹೇಗೆ? ಸಭೆಗಳು ಹೆಚ್ಚಾಗಿ ಸಂಜೆ, ಪಟ್ಟಣದಲ್ಲಿ. ಅಷ್ಟು ಹೊತ್ತಿಗೆ ನಮ್ಮ ಕಡೆಯ ಕೊನೆ ಬಸ್ ಹೋಗಿರುತ್ತದೆ. 2007ರಲ್ಲಿ ಸಾರಾಯಿ ನಿಷೇಧವಾಯಿತು, ನಿಜ. ಇವತ್ತು ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಬಿಸ್ಕತ್ತಿನ ಪಕ್ಕದಲ್ಲೇ ವಿಸ್ಕಿಯ ಪ್ಯಾಕೆಟ್ ಕದ್ದು ಮಾರಾಟವಾಗುತ್ತದೆ. ಎಣ್ಣೆ ಮನೆ ಬಾಗಿಲಿಗೆ ಬಂದಿದೆ, ಬಿಡುವ ದಾರಿ ಮಾತ್ರ ಬಸ್ ಹತ್ತಿ ಹೋಗಬೇಕು.

ಸಭೆ ನಡೆಸಲು ಕಟ್ಟಡ ಕಟ್ಟಬೇಕಿಲ್ಲ, ಅನುದಾನ ಬೇಡ. ಹೊರಗಿನವರ ಹಣ ಎಎಯವರು ಮುಟ್ಟುವುದೂ ಇಲ್ಲ, ತಮ್ಮಲ್ಲೇ ಕೂಡಿಸಿ ಬಾಡಿಗೆ ಕೊಡುತ್ತಾರೆ. ಬೇಕಿರುವುದು ಒಂದು ಕೋಣೆಯ ಬೀಗದ ಕೈ. ಇದನ್ನು ಹೇಳಿದಾಗ ಪಂಚಾಯಿತಿ ಸದಸ್ಯರೊಬ್ಬರು, "ಕುಡುಕರಿಗೆ ಭವನ ಕೊಟ್ಟರೆ ಊರ ಮರ್ಯಾದೆ ಏನಾಗಬೇಕು?" ಅಂದರು. ಚುನಾವಣೆಯ ಹಿಂದಿನ ರಾತ್ರಿ ಅದೇ ಕುಡುಕರ ಮನೆಗೆ ಬಾಟಲಿ ಹೋಗುವಾಗ ಊರಿಗೆ ಮರ್ಯಾದೆ ಇರಲಿಲ್ಲವೇ ಅಣ್ಣಾ?

ಮುಂದಿನ ಗ್ರಾಮಸಭೆಗೆ ನಾವು ಬರುತ್ತೇವೆ. ವಾರದಲ್ಲಿ ಒಂದು ಸಂಜೆ, ಒಂದೂವರೆ ಗಂಟೆ. ಭವನದ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಯಾರು ಬಂದು ತೆಗೆಯುತ್ತಾರೆ, ಇಷ್ಟನ್ನು ನಡಾವಳಿಯಲ್ಲಿ ಬರೆಸಿಯೇ ಏಳುತ್ತೇವೆ.