ಸಣ್ಣ ಟೇಬಲ್ಲು, ಸುಲಭದ ದುಡ್ಡು?

ಬಹಳ ದಿನಗಳಾಯ್ತು ಈ ಕಡೆ ತಲೆ ಹಾಕಿ. ಇವತ್ತು ಬರೆಯಲೇಬೇಕು ಅನ್ನಿಸಿತು.

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ "ಕೆಲಸ ಬಿಡ್ತೀನಿ ಕಣೋ, ಪೋಕರ್ ಆಡಿಯೇ ಜೀವನ ಮಾಡ್ತೀನಿ" ಅಂದ. ಅವನಿರುವುದೂ ನನ್ನ ಹಾಗೆ ಅಮೆರಿಕದಲ್ಲೇ. "1-2 ಡಾಲರಿನ ಟೇಬಲ್ಲಲ್ಲಿ ಕೂತೋರಿಗೆ ಆಟಾನೇ ಬರಲ್ಲ, ಸ್ವಲ್ಪ ತಲೆ ಇದ್ರೆ ಸಾಕು" ಅನ್ನೋದು ಅವನ ವಾದ. ಗಣೇಶನ ಹಬ್ಬದ ರಾತ್ರಿ ಜಗಲಿಯಲ್ಲಿ ರಮ್ಮಿ ಆಡಿ ಬೆಳೆದ ನಮಗೆ ಇಸ್ಪೀಟಿನ ವಿಷಯದಲ್ಲಿ ಆತ್ಮವಿಶ್ವಾಸ ಸ್ವಲ್ಪ ಜಾಸ್ತಿಯೇ :-)

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಅಂಥ ಟೇಬಲ್ಲಲ್ಲಿ ಯಾರೂ ಸುಲಭಕ್ಕೆ ಎಲೆ ಕೆಳಗಿಡೋದಿಲ್ಲ. "ಇಂಥವರ ಮುಂದೆ ಚೆನ್ನಾಗಿ ಆಡಿಯೂ ಪ್ರಯೋಜನವಿಲ್ಲ" ಅಂತ ಗೊಣಗುವವರಿದ್ದಾರೆ. ಅದು ತಪ್ಪು. ಕೈಯಲ್ಲಿ ಎರಡು ಎಕ್ಕ ಇದ್ದರೆ, ಯಾವುದೋ ಎಲೆ ಹಿಡಿದ ಒಬ್ಬನೆದುರು ನೂರಕ್ಕೆ 85 ಸಲ ಗೆಲ್ಲುತ್ತೇವೆ. ಅಂಥವರು ಐದು ಜನ ಕೊನೆತನಕ ಬಂದರೆ ಅದು 49ಕ್ಕೆ ಇಳಿಯುತ್ತದೆ. ಆದರೆ ನಾವು ಹಾಕಿದ ದುಡ್ಡು ಆರರಲ್ಲೊಂದು ಪಾಲು, ಗೆಲ್ಲುವುದು ಹೆಚ್ಚುಕಡಿಮೆ ಎರಡರಲ್ಲೊಂದು ಸಲ. ಲಾಭ ನಮ್ಮದೇ.

ಹಾಗಾದರೆ ತೊಂದರೆ ಎಲ್ಲಿ? ಒಂದು, ರೇಕ್. ಪ್ರತಿ ಪಾಟಿನಿಂದ ಕ್ಯಾಸಿನೋ ಮುರಿದುಕೊಳ್ಳುವ ಪಾಲು. ನಾನು ಆಡುತ್ತಿದ್ದ ಕಡೆ ಶೇ. 10, ಹೆಚ್ಚೆಂದರೆ 5 ಡಾಲರ್. ಡೀಲರ್‌ಗೆ ಟಿಪ್ಸ್ ಬೇರೆ. ಸರಾಸರಿ 4 ಡಾಲರ್ ಅಂತಿಟ್ಟುಕೊಳ್ಳಿ, ಗಂಟೆಗೆ 30 ಆಟ. ಅಂದರೆ ಗಂಟೆಗೆ 120 ಡಾಲರ್ ಟೇಬಲ್ಲಿನಿಂದ ಮಾಯ! ಒಂಬತ್ತು ಜನರಿಗೆ ಹಂಚಿದರೆ ತಲೆಗೆ 13 ಡಾಲರ್. ಹನಿ ಹನಿ ಗೂಡಿದರೆ ಹಳ್ಳ, ಹಳ್ಳ ಮಾತ್ರ ಕ್ಯಾಸಿನೋದ್ದು. ಪಕ್ಕದವನಿಗಿಂತ ಸ್ವಲ್ಪ ಜಾಣನಾದರೆ ಸಾಲದು, ಈ 13 ಡಾಲರ್ ದಾಟುವಷ್ಟು ಜಾಣನಾಗಿರಬೇಕು.

ಎರಡು, ಏರಿಳಿತ. ನಾನು ಒಂದೂವರೆ ವರ್ಷ ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟಿದ್ದೆ. 220 ಗಂಟೆ ಆಟ, 900 ಡಾಲರ್ ಲಾಭ. ಬೀಗುತ್ತಿದ್ದೆ. ಆಮೇಲೆ ಒಂದು ದಿನ ಕೂತು ಯೋಚಿಸಿದೆ. ಈ ಆಟದಲ್ಲಿ ಗಂಟೆಗೆ 100 ಡಾಲರ್ ಆಚೀಚೆ ಆಗೋದು ಮಾಮೂಲು. ವರ್ಗಮೂಲದ ಲೆಕ್ಕದಲ್ಲಿ 220 ಗಂಟೆಗೆ ಆ ಏರಿಳಿತ ಸುಮಾರು 1,500 ಡಾಲರ್. ನನ್ನ 900 ಜಾಣತನವೋ ಬರೀ ಅದೃಷ್ಟವೋ, ಆ ಪುಸ್ತಕ ಹೇಳಲಾರದು. ಜಾಣತನವೇ ಅಂದುಕೊಂಡರೂ ಗಂಟೆಗೆ 4 ಡಾಲರ್ ಚಿಲ್ಲರೆ. ಅಮೆರಿಕದ ಫೆಡರಲ್ ಕನಿಷ್ಠ ಕೂಲಿಯೇ 7.25!

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಸಣ್ಣ ಆನ್‌ಲೈನ್ ಪಂದ್ಯದಿಂದ ಹೊರಟು ವಿಶ್ವ ಸರಣಿ ಗೆದ್ದು 25 ಲಕ್ಷ ಡಾಲರ್ ಪಡೆದ. ಅವನ ಕಥೆ ಎಲ್ಲರಿಗೂ ಗೊತ್ತು. ಪೆಟ್ರೋಲಿನ ದುಡ್ಡೂ ಗಿಟ್ಟದೆ ಮನೆಗೆ ಹೋದವರ ಕಥೆ ಯಾರು ಬರೀತಾರೆ? ರಮ್ಮಿ ಮುಖ್ಯವಾಗಿ ಚಾತುರ್ಯದ ಆಟ ಎಂದು ನಮ್ಮ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಪೋಕರಿನಲ್ಲೂ ಚಾತುರ್ಯವಿದೆ ಅಂತ ನಾನೂ ಒಪ್ಪುತ್ತೇನೆ. ಆದರೆ ಚಾತುರ್ಯದ ಆಟ ಅನ್ನೋದು ಬೇರೆ, ಸಂಪಾದನೆಯ ಆಟ ಅನ್ನೋದು ಬೇರೆ.

ಇನ್ನೊಂದು ಲೆಕ್ಕ ನನ್ನ ಪುಸ್ತಕದಲ್ಲಿರಲಿಲ್ಲ. ಆ 220 ಗಂಟೆಗಳಲ್ಲಿ ಹೆಚ್ಚಿನವು ಶನಿವಾರದ ರಾತ್ರಿಗಳು. ಊರಲ್ಲಿ ಆಗ ಭಾನುವಾರ ಬೆಳಗ್ಗೆ, ಅಮ್ಮ ಫೋನಿಗೆ ಕಾಯುವ ಹೊತ್ತು. "ಬ್ಯುಸಿ ಇದೀನಮ್ಮಾ" ಅಂತ ಎಷ್ಟು ಸಲ ಹೇಳಿದೆನೋ..

ಗೆಳೆಯನಿಗೆ ಇಷ್ಟೇ ಹೇಳಿದೆ: ಆಡು, ಬೇಡ ಅನ್ನಲ್ಲ. ಆದರೆ ಕೆಲಸ ಬಿಡಬೇಡ. ಮೊದಲು ಸಾವಿರ ಗಂಟೆಯ ಲೆಕ್ಕ ಬರೆದಿಡು, ಸೋತ ದಿನದ್ದೂ ಸೇರಿಸಿ. ಅವನಿನ್ನೂ ಉತ್ತರ ಕೊಟ್ಟಿಲ್ಲ.

ನಾನು ಹೇಳಿದ್ದು ಸರಿಯೇ? ನೀವೇನಂತೀರಾ?